ಮರಳಲ್ಲಿ 42 ವರ್ಷ ಮಲಗಿದ್ದ ಕಾರು, ಈಗಲೂ ಅದೇ ಕಾರಾ?

ಪ್ರಶ್ನೆ: ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ ಬ್ರೂಕ್‌ಲ್ಯಾಂಡ್ಸ್ ಮ್ಯೂಸಿಯಂನಲ್ಲಿ 'ಬ್ಯಾಬ್ಸ್' ಅನ್ನೋ ಹಳೇ ರೇಸ್ ಕಾರು ನೋಡಿದೆ. 1927ರಲ್ಲಿ ಅಪಘಾತವಾಗಿ ಓಡಿಸುತ್ತಿದ್ದವರು ತೀರಿಕೊಂಡರಂತೆ. ಕಾರನ್ನು ಸಮುದ್ರದ ದಂಡೆಯಲ್ಲೇ ಹೂತು, 42 ವರ್ಷ ಆದಮೇಲೆ ಅಗೆದು ತೆಗೆದರಂತೆ. ಆದರೆ ನಾನು ನೋಡಿದ ಕಾರು ಹೊಸದರ ಹಾಗೆ ಫಳಫಳ ಅಂತಿತ್ತು. ಉಪ್ಪು ಮರಳಲ್ಲಿ ಅಷ್ಟು ವರ್ಷ ಕಬ್ಬಿಣ ಉಳಿಯುತ್ತಾ? ಇದನ್ನ ಅಸಲಿ ಅನ್ನಬಹುದಾ? ಹೂತದ್ದನ್ನು ಮತ್ತೆ ತೆಗೆದದ್ದು ಸರಿಯಾ? ಇನ್ನೊಂದು ವಿಷಯ. ಸಕಲೇಶಪುರದ ಹತ್ತಿರ ನಮ್ಮ ತೋಟದ ಮನೆಯಲ್ಲಿ ತಾತನ ಕಾಲದ 1938ರ ಮಾರಿಸ್ ಎಯ್ಟ್ ನಿಂತಿದೆ. ಎಂಜಿನ್ ಜಾಮ್ ಆಗಿದೆ. ಒಬ್ಬ ಮೆಕ್ಯಾನಿಕ್ "ಮಾರುತಿ ಎಂಜಿನ್ ಕೂರಿಸೋಣ" ಅಂತಿದ್ದಾರೆ. ಏನು ಮಾಡಲಿ?

ಉತ್ತರ:

ನೀವು ಬ್ಯಾಬ್ಸ್ ಕಣ್ಣಾರೆ ನೋಡಿ ಬಂದದ್ದು ಓದಿ ಖುಷಿಯಾಯಿತು. ಎರಡನೇ ಮಹಾಯುದ್ಧಕ್ಕೆ ಮುಂಚಿನ ಬ್ರಿಟಿಷ್ ಕಾರುಗಳನ್ನು ರಿಪೇರಿ ಮಾಡುವ ನಮ್ಮಂಥವರಿಗೆ ಆ ಕಾರು ದೊಡ್ಡ ಪಾಠ. ನಿಮ್ಮ ಮೂರು ಪ್ರಶ್ನೆಗೂ ಅದರಲ್ಲೇ ಉತ್ತರ ಇದೆ. ನಿಮ್ಮ ಮಾರಿಸ್‌ಗೂ ಇದೆ.

ಮೊದಲು ಆ ಕಾರು ಹುಟ್ಟಿದ್ದು ಹೇಗೆ ಅಂತ ಹೇಳಬೇಕು. ಅದು ಗೊತ್ತಾಗದೆ 'ಅಸಲಿ' ಅನ್ನೋ ಮಾತಿಗೆ ಅರ್ಥ ಸಿಗುವುದಿಲ್ಲ.

ಕೆಂಟ್ ಜಿಲ್ಲೆಯಲ್ಲಿ ಕೌಂಟ್ ಲೂಯಿ ಝ್ಬೊರೊವ್‌ಸ್ಕಿ ಅಂತ ಒಬ್ಬ ಶ್ರೀಮಂತ ಯುವಕನಿದ್ದ. ಹೈಯಮ್ ಅನ್ನೋ ಬಂಗಲೆ ಅವನದು. ಮೊದಲನೇ ಮಹಾಯುದ್ಧ ಮುಗಿದ ಮೇಲೆ ವಿಮಾನದ ಎಂಜಿನ್‌ಗಳು ಅಗ್ಗಕ್ಕೆ ಸಿಗುತ್ತಿದ್ದವು. ಅವನ್ನು ಕಾರಿನ ಚಾಸಿ, ಅಂದರೆ ಕೆಳಗಿನ ಚೌಕಟ್ಟಿನ ಮೇಲೆ ಕೂರಿಸಿ ರೇಸಿಗೆ ಬಿಡುವುದು ಅವನ ಹುಚ್ಚು. ಕೊನೆಗೆ ಕಟ್ಟಿಸಿದ ಕಾರಿನ ಹೆಸರು 'ಹೈಯಮ್ ಸ್ಪೆಷಲ್'. ಅದಕ್ಕೆ ಹಾಕಿದ್ದು ಅಮೆರಿಕದ ಲಿಬರ್ಟಿ ಎಂಜಿನ್: 12 ಸಿಲಿಂಡರ್, 27 ಲೀಟರ್, ಸುಮಾರು 450 ಅಶ್ವಶಕ್ತಿ. ನಮ್ಮ ಮನೆ ಮುಂದಿನ ಸಣ್ಣ ಕಾರುಗಳದ್ದು ಒಂದು ಲೀಟರ್ ಆಸುಪಾಸು ಅಲ್ವಾ? ಅಂಥ 27 ಕಾರಿನಷ್ಟು ಎಂಜಿನ್ ಒಂದರಲ್ಲೇ ಇತ್ತು. ಗೇರ್‌ಬಾಕ್ಸು ಮಾತ್ರ ಮೊದಲನೇ ಯುದ್ಧಕ್ಕೂ ಮುಂಚಿನ ಜರ್ಮನ್ ಬೆನ್ಜ್ ರೇಸ್ ಕಾರಿನದು. ಹಿಂದಿನ ಚಕ್ರ ತಿರುಗುತ್ತಿದ್ದದ್ದು ಚೈನಿನಿಂದ, ನಮ್ಮ ಸೈಕಲ್ಲಿನ ಹಾಗೆ.

1924ರಲ್ಲಿ ಇಟಲಿಯ ಮೋನ್ಜಾದಲ್ಲಿ ಬೇರೆ ಕಾರು ಓಡಿಸುವಾಗ ಝ್ಬೊರೊವ್‌ಸ್ಕಿ ತೀರಿಕೊಂಡ. ಹೈಯಮ್ ಸ್ಪೆಷಲ್ ಅನ್ನು 125 ಪೌಂಡಿಗೆ ಕೊಂಡವರು ಜೆ. ಜಿ. ಪ್ಯಾರಿ-ಥಾಮಸ್. ವೇಲ್ಸ್ ಪ್ರಾಂತ್ಯದ ರೆಕ್ಸಮ್ ಊರಿನವರು, ಲೇಲ್ಯಾಂಡ್ ಕಂಪನಿಯಲ್ಲಿ ಮುಖ್ಯ ಎಂಜಿನಿಯರ್ ಆಗಿದ್ದವರು. ಆ ಕೆಲಸ ಬಿಟ್ಟು ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನ ಒಳಗೇ ಒಂದು ಮನೆ ಮಾಡಿಕೊಂಡು, ಕಾರು ಕಟ್ಟುವುದು ಓಡಿಸುವುದು ಇದೇ ಬದುಕು ಮಾಡಿಕೊಂಡಿದ್ದರು. ಕಾರಿಗೆ 'ಬ್ಯಾಬ್ಸ್' ಅಂತ ಹೆಸರಿಟ್ಟದ್ದು ಅವರೇ. ಪಿಸ್ಟನ್ ತಮ್ಮದೇ ವಿನ್ಯಾಸದ್ದು ಹಾಕಿದರು, ಪೆಟ್ರೋಲಿಗೆ ಗಾಳಿ ಬೆರೆಸುವ ಝೆನಿತ್ ಕಾರ್ಬುರೇಟರ್ ನಾಲ್ಕು ಕೂರಿಸಿದರು, ಬಾಡಿ ಬದಲಿಸಿದರು. 1926ರ ಏಪ್ರಿಲ್ 28ರಂದು ವೇಲ್ಸ್‌ನ ಪೆಂಡೈನ್ ಕಡಲ ದಂಡೆಯಲ್ಲಿ ಗಂಟೆಗೆ 171.02 ಮೈಲಿ ವೇಗ ಮುಟ್ಟಿದರು. ಅಂದರೆ 275 ಕಿಲೋಮೀಟರ್. ನೆಲದ ಮೇಲೆ ಅಷ್ಟು ಜೋರಾಗಿ ಆವರೆಗೆ ಯಾರೂ ಓಡಿಸಿರಲಿಲ್ಲ.

1927ರ ಫೆಬ್ರವರಿಯಲ್ಲಿ ಮಾಲ್ಕಮ್ ಕ್ಯಾಂಪ್‌ಬೆಲ್ ಅನ್ನೋ ಇನ್ನೊಬ್ಬ ಬ್ರಿಟಿಷ್ ರೇಸ್ ಚಾಲಕರು ಅದೇ ದಂಡೆಯಲ್ಲಿ 174 ಮೈಲಿ ದಾಟಿ ದಾಖಲೆ ಕಿತ್ತುಕೊಂಡರು. ಅದನ್ನು ಮತ್ತೆ ಗೆಲ್ಲಲು ಮಾರ್ಚ್ 3ಕ್ಕೆ ಥಾಮಸ್ ಬ್ಯಾಬ್ಸ್ ತಂದರು. ಆ ಓಟದಲ್ಲಿ ಕಾರು ಉರುಳಿ ಅಲ್ಲೇ ತೀರಿಕೊಂಡರು. ಅವರಿಗೆ ಆಗ 42 ವರ್ಷ. ಬ್ರೂಕ್‌ಲ್ಯಾಂಡ್ಸ್ ಪಕ್ಕದ ಬೈಫ್ಲೀಟ್ ಚರ್ಚಿನಲ್ಲಿ ಅವರ ಸಮಾಧಿ ಇದೆ. ಕಾರಿನ ಸಮಾಧಿ ಪೆಂಡೈನ್ ದಂಡೆಯ ಮರಳ ದಿಬ್ಬದಲ್ಲಾಯಿತು.

ಈಗ ಯೋಚನೆ ಮಾಡಿ. ಚಾಸಿ ಝ್ಬೊರೊವ್‌ಸ್ಕಿಯದು, ಎಂಜಿನ್ ಅಮೆರಿಕದ ವಿಮಾನದ್ದು, ಗೇರ್‌ಬಾಕ್ಸ್ ಜರ್ಮನಿಯದು, ಪಿಸ್ಟನ್ ಥಾಮಸ್ ಅವರದು. ಮೂರೇ ವರ್ಷದಲ್ಲಿ ಹೆಸರೂ ಬದಲಾಯಿತು, ರೂಪವೂ ಬದಲಾಯಿತು. ಇಂಥ ಕಾರಿನಲ್ಲಿ "ಫ್ಯಾಕ್ಟರಿಯಿಂದ ಬಂದಾಗ ಹೇಗಿತ್ತೋ ಹಾಗೆ" ಅನ್ನೋ ಮಾತೇ ಇಲ್ಲ. ರಿಪೇರಿ ಮಾಡುವವರು ಒಂದು ದಿನವನ್ನು ಆರಿಸಿಕೊಳ್ಳಲೇಬೇಕು. ಬ್ಯಾಬ್ಸ್ ವಿಷಯದಲ್ಲಿ ಆ ದಿನವನ್ನು ಮರಳೇ ಆರಿಸಿಕೊಟ್ಟಿತು. 1927ರ ಮಾರ್ಚಿನಲ್ಲಿ ಹೇಗಿತ್ತೋ ಹಾಗೇ ಅದು ನೆಲದೊಳಗೆ ಹೋಯಿತು. ಆಮೇಲೆ ಯಾರೂ ಅದರ ಎಂಜಿನ್ ಬಿಚ್ಚಿ ಮಾರಲಿಲ್ಲ, ಯಾರೂ ಬೇರೆ ಬಾಡಿ ಹಾಕಲಿಲ್ಲ. ಹಳೇ ಕಾರುಗಳ ಲೋಕದಲ್ಲಿ ಇಂಥ ಭಾಗ್ಯ ಬಹಳ ಅಪರೂಪ.

1969ರಲ್ಲಿ ಅದನ್ನು ಹುಡುಕಿ ತೆಗೆದವರು ಓವೆನ್ ವಿನ್ ಓವೆನ್. ಉತ್ತರ ವೇಲ್ಸ್‌ನ ಬ್ಯಾಂಗರ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಪಾಠ ಹೇಳುತ್ತಿದ್ದ ಮೇಷ್ಟ್ರು. ಅಷ್ಟು ಹೊತ್ತಿಗೆ ಆ ಜಾಗ ಸೇನೆಯ ವಶದಲ್ಲಿತ್ತು. ಅವರ ಅನುಮತಿ ಬೇಕಾಯಿತು, ಥಾಮಸ್ ಅವರ ಬಂಧುಗಳ ಒಪ್ಪಿಗೆಯೂ ಬೇಕಾಯಿತು. ಕಾರನ್ನು ಅಲ್ಲೇ ಬಿಟ್ಟುಬಿಡಿ, ಅದೇ ಅವರ ಸ್ಮಾರಕ ಅಂದವರೂ ಇದ್ದರು. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಿಮ್ಮ ಮನಸ್ಸಿಗೆ ಬಂದದ್ದೂ ಅದೇ ತಾನೇ.

ಇನ್ನು ಕಬ್ಬಿಣದ ಮಾತು. ಉಪ್ಪು ಮರಳಲ್ಲಿ ಕಬ್ಬಿಣ ಉಳಿಯುತ್ತಾ? ಸ್ವಲ್ಪ ಉಳಿಯುತ್ತೆ. ಯಾವುದು ಉಳಿಯುತ್ತೆ, ಯಾವುದು ಹೋಗುತ್ತೆ ಅನ್ನೋದಕ್ಕೆ ಲೆಕ್ಕ ಇದೆ. ತುಕ್ಕು ಹಿಡಿಯಲು ನೀರೂ ಬೇಕು, ಗಾಳಿಯೂ ಬೇಕು. ಆಳದ ಮರಳಲ್ಲಿ ಗಾಳಿ ಕಮ್ಮಿ. ಹಾಗಾಗಿ ದಪ್ಪ ಉಕ್ಕು ನಿಧಾನಕ್ಕೆ ಸವೆಯುತ್ತದೆ. ತೆಳು ತಗಡಿಗೆ ಆ ನಿಧಾನವೂ ಸಾಕು, ಪೂರ್ತಿ ತಿಂದುಬಿಡುತ್ತದೆ. ಅಲ್ಯೂಮಿನಿಯಂ ಗತಿ ಇನ್ನೂ ಕಷ್ಟ. ಉಪ್ಪು ನೀರಿನಲ್ಲಿ ಉಕ್ಕಿಗೆ ತಾಗಿಕೊಂಡಿದ್ದರೆ ಎರಡೂ ಸೇರಿ ಬ್ಯಾಟರಿ ಥರ ಕೆಲಸ ಮಾಡುತ್ತವೆ, ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಲಿಬರ್ಟಿ ಎಂಜಿನ್ನಿನ ಕೆಳಗಿನ ಪೆಟ್ಟಿಗೆ ಅಲ್ಯೂಮಿನಿಯಂದೇ. ಕಂಚು ಹೆಚ್ಚುಕಡಿಮೆ ಏನೂ ಆಗದೆ ಬರುತ್ತದೆ. ಎಣ್ಣೆಯಲ್ಲಿ ಮುಳುಗಿದ್ದ ಗೇರಿನ ಹಲ್ಲು, ಗ್ರೀಸ್ ಮೆತ್ತಿದ್ದ ಬೇರಿಂಗು ಕೆಲವೊಮ್ಮೆ ನಿನ್ನೆ ಬಿಚ್ಚಿಟ್ಟ ಹಾಗೆ ಹೊಳೆಯುತ್ತಿರುತ್ತವೆ.

ಹೂತ ಕಬ್ಬಿಣಕ್ಕೆ ನಿಜವಾದ ಅಪಾಯ ಶುರುವಾಗೋದು ಮೇಲೆ ತೆಗೆದ ದಿನ. ತುಕ್ಕಿನ ಒಳಗೆ ಉಪ್ಪು ಕೂತಿರುತ್ತದೆ. ಒಮ್ಮೆಲೇ ಗಾಳಿ ಸಿಕ್ಕಿತು ಅಂದರೆ ಒಳಗೊಳಗೇ ಆಮ್ಲ ಹುಟ್ಟಿ, ಕೆಲವೇ ತಿಂಗಳಲ್ಲಿ ಪದರ ಪದರವಾಗಿ ಕಳಚಿ ಬೀಳುತ್ತದೆ. ನೆಲದೊಳಗೆ ಹತ್ತಾರು ವರ್ಷ ತಡೆದದ್ದು ಶೆಡ್ಡಿನಲ್ಲಿ ಒಂದು ಮಳೆಗಾಲ ತಡೆಯುವುದಿಲ್ಲ. ಅದಕ್ಕೇ ಇಂಥ ಸಾಮಾನನ್ನು ಒಣಗಲು ಬಿಡಬಾರದು. ಕಾಸ್ಟಿಕ್ ಸೋಡಾ ಕಲಸಿದ ನೀರಿನಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ನೆನೆಸಿ, ನೀರು ಬದಲಿಸುತ್ತಾ ಉಪ್ಪನ್ನು ಎಳೆದು ತೆಗೆಯಬೇಕು. ಆಮೇಲೆ ಒಣಗಿಸಿ ಬಣ್ಣವೋ ಮೇಣವೋ ಹಚ್ಚಬೇಕು.

ಬ್ಯಾಬ್ಸ್ ಹೊರಗೆ ಬಂದಾಗ ಬಾಡಿ, ಯಂತ್ರದ ಎಷ್ಟೋ ಭಾಗ ತೀರಾ ತಿಂದುಹೋಗಿದ್ದವು. ಕೆಲವು ಉಳಿಸಿಕೊಳ್ಳುವಂತಿದ್ದವು. ಓವೆನ್ ಅವರು ಹೆಚ್ಚುಕಡಿಮೆ 15 ವರ್ಷ ಅದರ ಹಿಂದೆ ಬಿದ್ದರು. ಲಿಬರ್ಟಿ ಎಂಜಿನ್ ಆದದ್ದು ಪುಣ್ಯ ಅಂತಲೇ ಹೇಳಬೇಕು. ಯುದ್ಧಕ್ಕಾಗಿ ಮಾಡಿದ ಎಂಜಿನ್ ಅದು, 20,000ಕ್ಕಿಂತ ಜಾಸ್ತಿ ತಯಾರಾಗಿದ್ದವು. ಬಿಡಿಭಾಗ ಎಲ್ಲಾದರೂ ಸಿಗುತ್ತವೆ. ಅದರ ರಚನೆಯೂ ರಿಪೇರಿಗೆ ಒಗ್ಗುವಂಥದ್ದು: 12 ಸಿಲಿಂಡರೂ ಬೇರೆ ಬೇರೆ, ಒಂದೊಂದೂ ಒಂದೊಂದು ಉಕ್ಕಿನ ಚೊಂಬಿನ ಹಾಗೆ ಮೇಲೆ ಬೋಲ್ಟ್ ಹಾಕಿ ಕೂರಿಸಿದ್ದು. ಒಂದು ಹಾಳಾದರೆ ಅದನ್ನಷ್ಟೇ ತೆಗೆದು ಬೇರೆ ಹಾಕಬಹುದು. ಈಗಿನ ಎಂಜಿನ್ ಬ್ಲಾಕಿನಲ್ಲಿ ಇದು ಆಗುವ ಮಾತಲ್ಲ. ಆ ಎಂಜಿನ್ ಮತ್ತೆ ಓಡಿತು. ಜನರ ಮುಂದೆ ಸದ್ದು ಮಾಡಿದೆ, ಹೊಗೆ ಉಗುಳಿದೆ. ಈಗ ಕಾರು ವರ್ಷದಲ್ಲಿ ಕೆಲವು ಕಾಲ ಪೆಂಡೈನ್ ಮ್ಯೂಸಿಯಂನಲ್ಲೂ ಕೆಲವು ಕಾಲ ನೀವು ನೋಡಿದ ಬ್ರೂಕ್‌ಲ್ಯಾಂಡ್ಸ್‌ನಲ್ಲೂ ಇರುತ್ತದೆ.

ಅಂದರೆ ನೀವು ನೋಡಿದ ಫಳಫಳ ಬಾಡಿ ಹೊಸದಾಗಿ ಕಟ್ಟಿದ್ದು. ಹಾಗಾದರೆ ಅಸಲಿ ಹೌದೋ ಅಲ್ಲವೋ?

ಈ ಪ್ರಶ್ನೆ ಒಮ್ಮೆ ಲಂಡನ್ನಿನ ಹೈಕೋರ್ಟಿಗೇ ಹೋಗಿತ್ತು, ಬೇರೆ ಕಾರಿನ ವಿಷಯದಲ್ಲಿ. ಬೆಂಟ್ಲಿ ಸ್ಪೀಡ್ ಸಿಕ್ಸ್, ಅಡ್ಡಹೆಸರು 'ಓಲ್ಡ್ ನಂಬರ್ ಒನ್'. 1929, 1930 ಎರಡೂ ವರ್ಷ ಫ್ರಾನ್ಸಿನ ಲೆ ಮಾನ್ 24 ಗಂಟೆಯ ರೇಸ್ ಗೆದ್ದ ಕಾರು. ಆಮೇಲೆ ಅದಕ್ಕೆ 8 ಲೀಟರ್ ಎಂಜಿನ್ ಬಂತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಭಾರೀ ಅಪಘಾತ ಆಗಿ ಓಡಿಸುತ್ತಿದ್ದವರು ಸತ್ತರು. ಮತ್ತೆ ಕಟ್ಟಿ ಬೇರೆ ಬಾಡಿ ಹಾಕಿದರು. 1990ರಲ್ಲಿ 1 ಕೋಟಿ ಪೌಂಡಿಗೆ ಅದರ ವ್ಯಾಪಾರ ಕುದುರಿತು. ಕೊನೆ ಗಳಿಗೆಯಲ್ಲಿ ಕೊಳ್ಳುವವರು ಇದು ಅಸಲಿ ಕಾರಲ್ಲ ಅಂದುಬಿಟ್ಟರು. 1929ರ ಬಿಡಿಭಾಗ ಅದರಲ್ಲಿ ಉಳಿದದ್ದು ತೀರಾ ಅಲ್ಪ ಅನ್ನೋದು ನಿಜವೇ ಆಗಿತ್ತು. ಆದರೂ ನ್ಯಾಯಾಧೀಶ ಆಟನ್ ಅವರು ಅದೇ ಓಲ್ಡ್ ನಂಬರ್ ಒನ್ ಅಂತ ತೀರ್ಪು ಕೊಟ್ಟರು. ಕಾರು ಎಲ್ಲೂ ಕೊನೆಯಾಗಲಿಲ್ಲ. ಭಾಗಗಳು ಬದಲಾದರೂ ಅದರ ಬಾಳು ಒಂದೇ ಎಳೆಯಾಗಿ ಸಾಗಿ ಬಂದಿದೆ. ತೀರ್ಪಿನ ತಿರುಳು ಇದು.

ನಮ್ಮ ಅಜ್ಜಿ ಮನೆ ಹಾಗೇ ಇದೆ. ಸೂರು ಮೂರು ಸಲ ಬದಲಾಗಿದೆ, ಒಂದು ಗೋಡೆ ಬಿದ್ದು ಮತ್ತೆ ಎದ್ದಿದೆ. ಆದರೂ ಅದು ಅಜ್ಜಿ ಮನೆಯೇ. ಬೆಂಟ್ಲಿ ಆ ಥರ. ಬ್ಯಾಬ್ಸ್ ಇನ್ನೊಂದು ಥರ. ಬೆಂಟ್ಲಿಯ ಬಾಳು ಹರಿಯುತ್ತಲೇ ಇತ್ತು, ಸಾಮಾನು ಬದಲಾಯಿತು. ಬ್ಯಾಬ್ಸ್‌ನ ಸಾಮಾನು ಒಂದೇ ಕಡೆ ಇತ್ತು, ಬಾಳು ನಿಂತಿತ್ತು. ನನ್ನ ಮಟ್ಟಿಗೆ ಎರಡೂ ಅಸಲಿಯೇ. ಬ್ಯಾಬ್ಸ್ ಅಂತ ಹೇಳಿಕೊಳ್ಳುವ ಇನ್ನೊಂದು ಕಾರು ಜಗತ್ತಿನಲ್ಲಿ ಇಲ್ಲ. ಯಾವುದು ಮರಳಿನಿಂದ ಬಂದದ್ದು, ಯಾವುದು ಹೊಸದಾಗಿ ಮಾಡಿದ್ದು ಅಂತ ಯಾರೂ ಮುಚ್ಚಿಟ್ಟಿಲ್ಲ. ಹೊಸ ತಗಡು ಹಾಕೋದು ಮೋಸವಲ್ಲ. ಹೊಸ ತಗಡು ಹಾಕಿ ಹಳೇದು ಅಂತ ಮಾರೋದು ಮೋಸ.

ರಿಪೇರಿಯನ್ನೇ ಮಾಡದೆ ಬಿಡುವ ದಾರಿಯೂ ಇದೆ. ಸ್ವಿಟ್ಜರ್‌ಲ್ಯಾಂಡ್ ಮತ್ತು ಇಟಲಿ ನಡುವಿನ ಮಜ್ಜೋರೆ ಸರೋವರದ ತಳದಿಂದ 2009ರಲ್ಲಿ 1925ರ ಒಂದು ಬುಗಾಟಿ ಕಾರನ್ನು ಎತ್ತಿದರು. ಅದು ಫ್ರೆಂಚ್ ಕಾರು. ಒಂದು ಪಕ್ಕ ಪೂರ್ತಿ ಕರಗಿತ್ತು. ಮರುವರ್ಷ ಹರಾಜಿನಲ್ಲಿ 2.6 ಲಕ್ಷ ಯೂರೋ ಬಂತು. ಕೊಂಡವರು ಅದನ್ನು ಮುಟ್ಟಲಿಲ್ಲ. ತುಕ್ಕಿನ ಸಮೇತ ಹಾಗೇ ಪ್ರದರ್ಶನಕ್ಕಿಟ್ಟರು. ಅದೂ ಸರಿಯೇ. ಆದರೆ ಬ್ಯಾಬ್ಸ್‌ಗೆ ನಾನು ಓವೆನ್ ಅವರ ದಾರಿಯನ್ನೇ ಮೆಚ್ಚುತ್ತೇನೆ. ಓಡುವುದಕ್ಕೆ ಅಂತಲೇ ಹುಟ್ಟಿದ ಕಾರು ಅದು. ಆ ಎಂಜಿನ್ನಿನ ಸದ್ದು ಕೇಳದೆ ಥಾಮಸ್ ಏನು ಮಾಡಿದರು ಅಂತ ನಮಗೆ ತಿಳಿಯೋದೇ ಇಲ್ಲ.

ಹೂತದ್ದನ್ನು ತೆಗೆದದ್ದು ಸರಿ ಅನ್ನೋಕೆ ನನ್ನ ಹತ್ತಿರ ಇನ್ನೂ ದೊಡ್ಡ ಕಾರಣ ಇದೆ. 1927ರಿಂದ ಎಲ್ಲರೂ ಹೇಳುತ್ತಿದ್ದದ್ದು ಒಂದೇ ಕಥೆ: ಬಲಗಡೆ ಚೈನ್ ಕಿತ್ತು ಬಂದು ಥಾಮಸ್ ಅವರ ತಲೆಗೆ ಹೊಡೆಯಿತು. ಕಾರು ಹೊರಗೆ ಬಂದು ಭಾಗಗಳನ್ನು ನೋಡಿದ ಮೇಲೆ ಆ ಕಥೆ ಅಲುಗಾಡಿತು. ಬಲಗಡೆಯ ಹಿಂದಿನ ಚಕ್ರ ಮೊದಲು ಮುರಿದಿರಬೇಕು ಅನ್ನೋ ವಾದ ಬಲವಾಯಿತು. ಒಬ್ಬ ಎಂಜಿನಿಯರ್ ತಾನು ಕಟ್ಟಿದ ಯಂತ್ರದಿಂದಲೇ ಸತ್ತಾಗ, ಯಾಕೆ ಅಂತ ತಿಳಿಯಲು ಯತ್ನಿಸೋದು ಅವರಿಗೆ ಕೊಡುವ ಗೌರವ ಅಂತ ನಾನು ನಂಬಿದ್ದೇನೆ. ಮರಳೊಳಗೇ ಇದ್ದಿದ್ದರೆ ಆ ಸಾಕ್ಷಿ ಇಷ್ಟರಲ್ಲಿ ಕರಗಿ ಹೋಗಿರುತ್ತಿತ್ತು.

ಈಗ ನಿಮ್ಮ ಮಾರಿಸ್‌ಗೆ ಬರೋಣ.

ದಯವಿಟ್ಟು ಮಾರುತಿ ಎಂಜಿನ್ ಹಾಕಿಸಬೇಡಿ. ನಿಮ್ಮ ಮೆಕ್ಯಾನಿಕ್ ಕೆಟ್ಟದ್ದು ಬಯಸಿ ಹೇಳಿದ್ದಲ್ಲ, ಓಡಲಿ ಅಂತಲೇ ಹೇಳಿದ್ದು. ಆದರೆ 918 ಸಿಸಿಯ ಆ ಪುಟ್ಟ ಎಂಜಿನ್ ಹೋದರೆ ತಾತನ ಕಾರು ಹೋದ ಹಾಗೆ. ಕಾನೂನಿನ ಲೆಕ್ಕದಲ್ಲೂ ನಷ್ಟ. 2021ರಲ್ಲಿ ಬಂದ ಕೇಂದ್ರದ ನಿಯಮದಲ್ಲಿ 50 ವರ್ಷ ದಾಟಿದ ವಾಹನಕ್ಕೆ 'ವಿಂಟೇಜ್' ನೋಂದಣಿ ಇದೆ. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು ಅನ್ನೋದು ಅದರ ಷರತ್ತು. ಹಳೇ ನೋಂದಣಿ ಇದ್ದರೆ ಅದೇ ನಂಬರ್ ಉಳಿಸಿಕೊಳ್ಳಬಹುದು. ಹಾಗಾಗಿ ಮೊದಲ ಕೆಲಸ ತಾತನ ಟ್ರಂಕು, ಬೀರು ಹುಡುಕಿ ಆರ್‌ಸಿ ಪುಸ್ತಕ ಪತ್ತೆ ಮಾಡೋದು. ಹಳೇ ತೆರಿಗೆ ಚೀಟಿ, ಇನ್ಶೂರೆನ್ಸ್ ಕಾಗದ, ಕಾರಿನ ಮುಂದೆ ಮನೆಯವರು ನಿಂತ ಫೋಟೋ ಏನೇ ಸಿಕ್ಕರೂ ಎತ್ತಿಡಿ.

ಎರಡನೆಯದು, ತೊಳೆಯಬೇಡಿ. ನೀರಿನ ಜೆಟ್ ಹೊಡೆದರೆ ಹಳೇ ಬಣ್ಣದ ಅಂಚೆಲ್ಲ ಎದ್ದುಬಿಡುತ್ತದೆ. ಇದ್ದ ಹಾಗೇ ಸುತ್ತಲೂ ಫೋಟೋ ತೆಗೆಯಿರಿ. ಬಾನೆಟ್ ಕೆಳಗಿನ ಚಾಸಿ ನಂಬರ್ ಪ್ಲೇಟಿಗೆ ಉಪ್ಪುಕಾಗದ ಹಾಕಿ ಉಜ್ಜಬೇಡಿ. ಮೆತ್ತನೆ ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಚ್ಚಿ ಒರೆಸಿ, ಸಾಕು.

ಜಾಮ್ ಬಿಡಿಸೋಕೆ ಆತುರ ಮಾಡಬೇಡಿ. ಹ್ಯಾಂಡಲ್ ಹಾಕಿ ಇಬ್ಬರು ಸೇರಿ ತಿರುಗಿಸಿದರೆ ಪಿಸ್ಟನ್ ರಿಂಗು ಮುರಿಯುತ್ತದೆ, ಇಲ್ಲಾ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ. ಡೀಸೆಲ್, ಎಂಜಿನ್ ಆಯಿಲ್ ಸಮ ಸಮ ಬೆರೆಸಿ ಒಂದೊಂದು ತೂತಿಗೂ ಅರ್ಧ ಲೋಟದಷ್ಟು ಹಾಕಿ. ಎರಡು ವಾರ ಸುಮ್ನೆ ಬಿಟ್ಟುಬಿಡಿ. ಇಳಿದು ಹೋದರೆ ಮತ್ತೆ ಹಾಕಿ. ಆಮೇಲೆ ಟಾಪ್ ಗೇರಿಗೆ ಹಾಕಿ, ಕಾರನ್ನು ಹಿಂದೆ ಮುಂದೆ ಮೆಲ್ಲಗೆ ತೂಗಿ ನೋಡಿ. ಕೂದಲೆಳೆಯಷ್ಟು ಅಲುಗಿದರೂ ಅರ್ಧ ಗೆದ್ದ ಹಾಗೆ. ಅಲುಗದಿದ್ದರೂ ಹೆದರಬೇಡಿ. ಅದು ಸೈಡ್ ವಾಲ್ವ್ ಎಂಜಿನ್, ವಾಲ್ವುಗಳು ಬ್ಲಾಕಿನಲ್ಲೇ ಇರುತ್ತವೆ. ಹೆಡ್ ಅಂದರೆ ಮೇಲಿನ ಒಂದು ಮುಚ್ಚಳ ಅಷ್ಟೇ. ತೆಗೆದರೆ ಪಿಸ್ಟನ್ನು, ವಾಲ್ವು, ಸಿಲಿಂಡರಿನ ಒಳಗೋಡೆ ಎಲ್ಲ ಕಣ್ಣೆದುರಿಗೇ ಕಾಣುತ್ತವೆ.

ತುಕ್ಕು ಹಿಡಿದ ಬ್ರಾಕೆಟ್ಟು, ಬಿಜಾಗರಿಗಳಿಗೆ ನಾನು ಬಳಸೋದು ಕಾಕಂಬಿ. ಹೌದು, ಸಕ್ಕರೆ ಕಾರ್ಖಾನೆಯಲ್ಲಿ ಸಿಗುವ ಅದೇ ಕಾಕಂಬಿ. ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಡ್ರಮ್ಮಿನಲ್ಲಿ ಹತ್ತು ಹದಿನೈದು ದಿನ ಮುಳುಗಿಸಿಡುತ್ತೇನೆ. ವಾಸನೆ ಬರುತ್ತೆ, ಮನೆಯಿಂದ ದೂರ ಇಡಿ. ತೆಗೆದು ನೀರು ಹೊಡೆದರೆ ತುಕ್ಕು ಕಪ್ಪು ಲೋಳೆಯಾಗಿ ಜಾರಿ, ಕೆಳಗೆ ಬೂದು ಬಣ್ಣದ ಒಳ್ಳೆ ಕಬ್ಬಿಣ ಕಾಣುತ್ತದೆ. ಒಳ್ಳೆ ಲೋಹಕ್ಕೆ ಏನೂ ಆಗಿರುವುದಿಲ್ಲ. ಅಲ್ಯೂಮಿನಿಯಂ ಸಾಮಾನು ಮಾತ್ರ ಅದರಲ್ಲಿ ಹಾಕಬೇಡಿ, ತಿಂದುಬಿಡುತ್ತದೆ.

ಆಸಿಡ್ ಸಹವಾಸ ಬೇಡ. ನಾನು ಮೊದಲ ಸಲ ಒಂದು ಆಸ್ಟಿನ್ ಸೆವೆನ್ ಕಾರಿಗೆ ಕೈ ಹಾಕಿದಾಗ ವಾಲ್ವ್ ಸ್ಪ್ರಿಂಗುಗಳನ್ನು ಆಸಿಡ್ಡಿನಲ್ಲಿ ಅದ್ದಿ ಬೆಳ್ಳಿ ಹಾಗೆ ಬೆಳಗಿಸಿದ್ದೆ. ಎಂಜಿನ್ ಶುರುವಾಗಿ ವಾರ ಕಳೆದಿರಲಿಲ್ಲ, ಎರಡು ಸ್ಪ್ರಿಂಗು ಗಾಜಿನ ಬಳೆ ಥರ ಪಟ್ ಅಂತ ಮುರಿದವು. ಆಸಿಡ್ಡಿನಿಂದ ಹೊರಡುವ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ. ಅದು ನನಗೆ ಗೊತ್ತಾದದ್ದು ಮುರಿದ ಮೇಲೆ. 1930ರ ದಶಕದ ಆ ಸ್ಪ್ರಿಂಗುಗಳು ನನ್ನ ಕೈಯಿಂದ ಹಾಳಾದದ್ದು ಇವತ್ತಿಗೂ ನೋವು.

ಎಂಜಿನ್ ಶುರುವಾದ ಖುಷಿಯಲ್ಲಿ ರಸ್ತೆಗೆ ಇಳಿಸಬೇಡಿ. ನಿಮ್ಮ ಮಾರಿಸ್‌ನಲ್ಲಿ ಇರೋದು ಆಯಿಲ್ ಬ್ರೇಕು. ಒಳಗಿನ ರಬ್ಬರ್ ಎಲ್ಲ ಸತ್ತಿರುತ್ತದೆ. ಅದನ್ನೆಲ್ಲ ಬದಲಿಸದೆ, ನಿಮ್ಮ ತೋಟದ ಇಳಿಜಾರಿನಲ್ಲಂತೂ ಒಂದಡಿ ಕೂಡ ಬಿಡಬಾರದು. ಬಣ್ಣ ಎಲ್ಲಕ್ಕಿಂತ ಕೊನೆಗೆ. ಹಳೇ ಬಣ್ಣ ಅರ್ಧ ಉಳಿದಿದ್ದರೆ ಹಾಗೇ ಬಿಡೋದೂ ಒಂದು ಒಳ್ಳೆ ನಿರ್ಧಾರವೇ.

ಒಂದು ನೋಟ್‌ಬುಕ್ ಇಡಿ. ಬಿಚ್ಚಿದ್ದು, ಬದಲಿಸಿದ್ದು, ಹೊಸದಾಗಿ ಮಾಡಿಸಿದ್ದು ಎಲ್ಲಾ ತಾರೀಕು ಹಾಕಿ ಬರೆಯಿರಿ. ತೆಗೆದ ಹಳೇ ಭಾಗ ಎಷ್ಟೇ ಹಾಳಾಗಿದ್ದರೂ ಗುಜರಿಗೆ ಹಾಕದೆ, ಚೀಟಿ ಕಟ್ಟಿ ಒಂದು ಪೆಟ್ಟಿಗೆಯಲ್ಲಿಡಿ. ಪ್ಲಗ್ ಬಿಚ್ಚಿದ ತಕ್ಷಣ, ಎಣ್ಣೆ ಸುರಿಯೋಕೆ ಮುಂಚೆ, ನಾಲ್ಕೂ ಪ್ಲಗ್ಗನ್ನು ಸಾಲಾಗಿಟ್ಟು ಒಂದು ಫೋಟೋ ತೆಗೆದು ನನಗೆ ಕಳಿಸಿ. ಯಾವ ಸಿಲಿಂಡರಿಗೆ ನೀರು ಹೋಗಿದೆ ಅಂತ ಅದನ್ನು ನೋಡಿದರೆ ಸುಮಾರಾಗಿ ಹೇಳಬಹುದು.